ಜೀಪಿನವನು ನೀರು ಕುಡಿಯಲಿಲ್ಲ

ಮಾಸ್ತಿಕಟ್ಟೆಯ ರಸ್ತೆಬದಿಯಲ್ಲಿದ್ದ ಗಿರಿಯಪ್ಪನ ಮನೆಯಂಗಳಕ್ಕೆ ಆ ಜೀಪು ಬಂದು ನಿಂತದ್ದು ಒಂದು ಮಂಗಳವಾರ, ಒಲೆಯ ಮೇಲಿನ ಅನ್ನ ಬಸಿಯುವ ಹೊತ್ತಿಗೆ. ಇಳಿದವನು ಜಗಲಿಯ ಮೆಟ್ಟಿಲವರೆಗೂ ಬರಲಿಲ್ಲ. ತುಳಸಿಕಟ್ಟೆಯಿಂದ ಆಚೆಗೆ, ಅಂಗಳದ ಅಂಚಿನಲ್ಲೇ ನಿಂತ. ತಲೆಗೆ ಟವೆಲು ಸುತ್ತಿದ್ದ. ಗಡ್ಡ ವಾರದ್ದು. ಜೀಪು ಓಡಿಸಿಕೊಂಡು ಬಂದವನ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

"ಗಿರಿಯಪ್ಪನೋರ ಮನೆ ಇದೇ ಅಲ್ವಾ?" ಎಂದು ರಸ್ತೆಯ ಕಡೆ ನೋಡಿಕೊಂಡೇ ಕೇಳಿದ. "ನಾನು ಗಜಾನನ ಅಂತ, ಗಾಲ್ಫ್ ಕ್ಲಬ್ಬಿನ ಡ್ರೈವರು. ಶನಿವಾರ ಸಂಜೆಗೆ ಬರ್ಬೇಕಂತೆ. ವಾದ್ಯ ತರ್ಬೇಕಂತೆ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿಗೆ ಜೀಪು ತರ್ತೀನಿ."

ಗಿರಿಯಪ್ಪ ಉಟ್ಟ ಲುಂಗಿಯಲ್ಲೇ ಲಗುಬಗೆಯಿಂದ ಅಂಗಳಕ್ಕೆ ಇಳಿದ. "ಬನ್ನಿ ಬನ್ನಿ, ಒಳಗೆ ಬನ್ನಿ! ಜಲಜಾ, ನೀರು ಬೆಲ್ಲ ತಾ!"

ಜಲಜಮ್ಮ ತಟ್ಟೆಯಲ್ಲಿ ಬೆಲ್ಲದ ಚೂರು, ಚೊಂಬಿನಲ್ಲಿ ನೀರು ಹಿಡಿದು ಬರುವಷ್ಟರಲ್ಲಿ ಆ ಮನುಷ್ಯ ಒಂದು ಹೆಜ್ಜೆ ಹಿಂದಕ್ಕೆ ಸರಿದಿದ್ದ. ಜಗಲಿಯ ಕಂಬಕ್ಕೆ ಒರಗಿ ಮಗಳು ಶರಾವತಿ ನಿಂತಿದ್ದಳು. ಏಳು ತಿಂಗಳ ಬಸುರಿ, ಸೀಮಂತ ಮುಗಿಸಿಕೊಂಡು ತವರಿಗೆ ಬಂದು ಇನ್ನೂ ಹತ್ತು ದಿನವಾಗಿರಲಿಲ್ಲ. ಅವಳನ್ನು ಕಂಡದ್ದೇ ಅವನು ಮುಖವನ್ನು ಪೂರ್ತಿ ಆಚೆಗೆ ತಿರುಗಿಸಿಕೊಂಡ.

"ನೀರು ಬೇಡಮ್ಮ. ಹೊತ್ತಾಯ್ತು."

"ಒಂದು ಗುಟುಕು ಕುಡ್ದು ಹೋಗಿ."

"ಬೇಡ."

ಅಷ್ಟೇ. 'ಬರ್ತೀನಿ' ಎಂದೂ ಹೇಳದೆ ಜೀಪು ಹತ್ತಿ ಹೋದ. ಧೂಳು ಅಡಗುವ ತನಕ ಜಲಜಮ್ಮ ಚೊಂಬು ಹಿಡಿದುಕೊಂಡು ನಿಂತೇ ಇದ್ದಳು. ಆಮೇಲೆ ಆ ನೀರನ್ನು ಒಳಗೆ ಒಯ್ಯದೆ ಬೇಲಿಯ ದಾಸವಾಳದ ಬುಡಕ್ಕೆ ಸುರಿದಳು.

ಗಿರಿಯಪ್ಪನಿಗೆ ಇದೊಂದೂ ಕಾಣಲಿಲ್ಲ. "ನೋಡ್ದ್ಯಾ! ನೋಡ್ದ್ಯಾ! ನನ್ನ ಕಾಗದಕ್ಕೆ ಉತ್ತರ ಬರೋದಿಲ್ಲ ಅಂದ್ಯಲ್ಲ, ಜೀಪಲ್ಲೇ ಬಂತು!" ಎನ್ನುತ್ತ ಅಟ್ಟದ ಏಣಿ ಹತ್ತಿದ.

ಅಟ್ಟದಲ್ಲಿದ್ದದ್ದು ಅವನ ಬ್ಯಾಗ್‌ಪೈಪು. ಪಲ್ಟನ್ನಿನ ಬ್ಯಾಂಡಿನಲ್ಲಿ ಹನ್ನೆರಡು ವರ್ಷ ಅದನ್ನು ಊದಿ, ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಮರಳಿದವನು ಅವನು. ಬರುವಾಗ ಹಳೆಯದೊಂದನ್ನು ಕೊಂಡು ತಂದಿದ್ದ. ಕಂಕುಳಲ್ಲಿ ಒತ್ತಿ ಹಿಡಿಯುವ ತೊಗಲಿನ ಚೀಲ, ಹೆಗಲ ಮೇಲೆ ಒರಗುವ ಮೂರು ಶ್ರುತಿಕೊಳವೆ, ಬೆರಳಾಡಿಸಲು ಮುಂದೊಂದು ಕೊಳವೆ. ತೊಗಲು ಒಣಗಿ ಬಿರಿಯಬಾರದೆಂದು ತಿಂಗಳಿಗೊಮ್ಮೆ ಅದರೊಳಗೆ ಜೋನಿಬೆಲ್ಲ ಬಿಸಿ ಮಾಡಿ ಹುಯ್ಯುತ್ತಿದ್ದ. ಡಬ್ಬಿಯಲ್ಲಿ ಜೋನಿಬೆಲ್ಲ ಇಳಿಯುವುದು ಇಲಿಯಿಂದಲೋ ಇರುವೆಯಿಂದಲೋ ಎಂದು ಜಲಜಮ್ಮ ಮೊದಲ ವರ್ಷವೆಲ್ಲ ಕಾವಲು ಕಾದಿದ್ದಳು.

ಊರಿನಲ್ಲಿ ಅದನ್ನು ಊದಲು ಜಾಗವಿರಲಿಲ್ಲ. ಮೊದಲ ದಿನ ಅಂಗಳದಲ್ಲಿ ಊದಿದಾಗ ಪಕ್ಕದ ಮನೆಯ ಹೂವಮ್ಮನ ಹಸು ಹಗ್ಗ ಕಿತ್ತುಕೊಂಡು ಓಡಿತ್ತು. ಅವತ್ತಿನಿಂದ ಹಸು ಹಾಲು ಕಮ್ಮಿ ಕೊಟ್ಟಾಗಲೆಲ್ಲ ಹೂವಮ್ಮ ಬೇಲಿಯಾಚೆಯಿಂದ ಇತ್ತ ನೋಡುತ್ತಿದ್ದಳು. ಮದುವೆಗಳಿಗೆ ವಾಲಗದವರಿದ್ದರು. ಗಿರಿಯಪ್ಪ ಡ್ಯಾಮಿನ ಸಿಮೆಂಟ್ ಗೋಡೌನಿನಲ್ಲಿ ಕಾವಲು ಸೇರಿ, ಮಧ್ಯಾಹ್ನ ಮೂಟೆಗಳ ನಡುವೆ ನಿಂತು ಊದಿಕೊಳ್ಳುತ್ತಿದ್ದ. ದೊಡ್ಡ ಊರುಗಳ ಗಾಲ್ಫ್ ಮೈದಾನಗಳಲ್ಲಿ ಸಂಜೆ ಆಟ ಮುಗಿಯುವಾಗ ಪೈಪರ್ ಒಬ್ಬನನ್ನು ನಿಲ್ಲಿಸಿ ಊದಿಸುತ್ತಾರೆ, ಅದಕ್ಕೆ ಸಂಬಳವೂ ಇರುತ್ತದೆ ಎಂದು ಅವನ ಹವಾಲ್ದಾರರು ಹಿಂದೊಮ್ಮೆ ಹೇಳಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ಬೆಂಗಳೂರಿಗೆ, ಮೈಸೂರಿಗೆ, ಊಟಿಗೆ ಎರಡು ವರ್ಷ ಕಾಗದ ಬರೆದ. ಒಂದು ಕಡೆಯಿಂದ ಮಾತ್ರ ಉತ್ತರ ಬಂತು, ತಮ್ಮಲ್ಲಿ ಪೈಪಿನ ರೆಕಾರ್ಡ್ ಹಾಕುತ್ತಾರೆ, ಊದುವವರು ಬೇಡ ಎಂದು. ಅರಳಸುರಳಿಯ ಆಚೆಗೆ ಹುಲ್ಲುಗುಡ್ಡದ ಮೇಲೆ ತೋಟದ ಸಾಹುಕಾರರು, ಡ್ಯಾಮಿನ ಇಂಜಿನಿಯರುಗಳು ಸೇರಿ ಸಣ್ಣದೊಂದು ಗಾಲ್ಫ್ ಕ್ಲಬ್ ನಡೆಸುತ್ತಾರೆಂದು ತಿಳಿದದ್ದು ಹೋದ ತಿಂಗಳು. ಕೊನೆಯ ಕಾಗದ ಅಲ್ಲಿಗೆ ಹೋಗಿತ್ತು. ಗೋಡೌನು ಈ ವರ್ಷ ಮುಚ್ಚುವುದರಲ್ಲಿತ್ತು. "ಇದೂ ಆಗ್ದೇ ಹೋದ್ರೆ ಚೀಲಾನ ಶಿವಮೊಗ್ಗದ ಬ್ಯಾಂಡಿನೋರಿಗೆ ಕೊಟ್ಟುಬಿಡ್ತೀನಿ. ಇನ್ನು ಮುಟ್ಟೋದಿಲ್ಲ" ಎಂದು ಅವನು ದೇವರ ಮುಂದೆಯೇ ಹೇಳಿದ್ದ.

ಹಾಗಾಗಿ ಜಲಜಮ್ಮ ಮಧ್ಯಾಹ್ನದ ಊಟ ಮುಗಿಯುವ ತನಕ ಬಾಯಿ ಬಿಡಲಿಲ್ಲ. ಮಗಳು ಒಳಗೆ ಮಲಗಿದ ಮೇಲೆ ಗಂಡನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದಳು.

"ಅವ ಕರೆಯಕ್ಕೆ ಬಂದವನಲ್ಲ. ಸುದ್ದಿ ಮುಟ್ಸಕ್ಕೆ ಬಂದವ."

"ಎಂಥ ಸುದ್ದಿ?"

"ನಿಮಗೆ ಪಲ್ಟನ್ನಲ್ಲಿ ಎಲ್ಲ ಮರ್ತುಹೋಯ್ತಾ? ಶುಭಕ್ಕೆ ಕರೆಯೋರು ಹೊಸಿಲು ದಾಟ್ತಾರೆ, ಕೂರ್ತಾರೆ, ವೀಳ್ಯ ಕೊಡ್ತಾರೆ. ವಾಲಗದೋರನ್ನೇ ಆಗ್ಲಿ, ಅಡುಗೆಯೋರನ್ನೇ ಆಗ್ಲಿ. ಅಂಗಳದಲ್ಲಿ ನಿಂತು, ನೀರು ಮುಟ್ದೆ, ಬರ್ತೀನಿ ಅನ್ನದೆ ಹೋಗೋದು ಯಾವುದಕ್ಕೆ ಹೇಳಿ?"

ಗಿರಿಯಪ್ಪ ನಕ್ಕ. "ಕ್ಲಬ್ಬಿನೋರು ವೀಳ್ಯ ಹಿಡ್ಕಂಡು ಬರ್ತಾರೇನೇ ಮಾರಾಯ್ತಿ? ಅದು ಇಂಗ್ಲಿಷ್ ಪದ್ಧತಿ."

"ಇಂಗ್ಲಿಷ್ ಪದ್ಧತಿಯೋನು ಬರಿಗಾಲಲ್ಲಿ ಬರ್ತಾನಾ? ಸಾವಿನ ಮನೆಗೆ ಊದಕ್ಕೆ ಕರ್ದಿದಾರೆ. ಸಾವಿಗೆ ಊದಿ ಬಂದ ಚೀಲ ಈ ಮನೆ ಒಳಗೆ ಬರ್ಬೇಕಾ? ಬಸುರಿ ಹುಡುಗಿ ಮಲ್ಗಿರೋ ಮನೆಗೆ?"

ಅವನ ನಗು ಅಲ್ಲಿಗೆ ನಿಂತಿತು. ಕೋಪಕ್ಕಿಂತ ಹೆಚ್ಚಾಗಿ ಅವನ ಮುಖದಲ್ಲಿ ಕಂಡದ್ದು ಭಯ. ಎರಡು ವರ್ಷದಲ್ಲಿ ಮೊದಲ ಸಲ ತೆರೆದ ಬಾಗಿಲನ್ನು ಹೆಂಡತಿ ಒಳಗಿನಿಂದ ತಳ್ಳಿ ಹಾಕುತ್ತಿದ್ದಾಳೆ ಎಂಬಂಥ ಭಯ. "ನಿಂಗೆ ಮೊದಲಿಂದ್ಲೂ ಈ ವಾದ್ಯ ಅಂದ್ರೆ ಆಗೋದಿಲ್ಲ" ಎಂದಷ್ಟೇ ಹೇಳಿ ಹೋದ.

ಆ ಮಾತು ಪೂರಾ ಸುಳ್ಳಲ್ಲ ಎನ್ನುವುದು ಜಲಜಮ್ಮನಿಗೂ ಗೊತ್ತಿತ್ತು. ಅವಳ ಅಪ್ಪ ಕನ್ನಪ್ಪ ಶ್ರಾವಣದ ಸಂಜೆಗಳಲ್ಲಿ ಜಗಲಿಯ ಮೇಲೆ ಕಾವ್ಯ ಓದುತ್ತಿದ್ದರು. ಕಂಬದ ಹಿಂದೆ ಕೂತು ಕೇಳಿಯೇ ಬೆಳೆದವಳು ಅವಳು. ಓದಲು ಬರದಿದ್ದರೂ ನೂರಾರು ಪದ್ಯ ಅವಳ ಕಿವಿಯಲ್ಲಿದ್ದವು. ಗಣಪತಿಯ ಸ್ತುತಿಯಿಲ್ಲದೆ ಅಪ್ಪ ಶುರು ಮಾಡಿದ್ದಿಲ್ಲ, ಹತ್ತೇ ಪದ್ಯ ಓದಿದ ದಿನವೂ ಮಂಗಳ ಹೇಳದೆ ಪುಸ್ತಕ ಮುಚ್ಚಿದ್ದಿಲ್ಲ. ಗಂಡನ ವಾದ್ಯಕ್ಕೆ ಮಾತಿಲ್ಲ, ಆದಿಯಿಲ್ಲ, ಮಂಗಳವಿಲ್ಲ. ಚೀಲ ತುಂಬಿದರೆ ಶುರು, ಉಸಿರು ಮುಗಿದರೆ ಮುಕ್ತಾಯ. ಯಾವ ದೇವರಿಗೆ ಊದುತ್ತಾರೆಂದು ಗೊತ್ತಿಲ್ಲದ ಸದ್ದನ್ನು ನಂಬುವುದು ಹೇಗೆ?

ಮೂರು ದಿನ ಅವಳ ಕಣ್ಣಿಗೆ ಎಲ್ಲವೂ ಅದನ್ನೇ ಹೇಳಿತು. ಬುಧವಾರ ಗಂಡ ಚೀಲವನ್ನು ಬಿಸಿಲಿಗೆ ಹಾಕಿದಾಗ ಕಾಗೆ ಬಂದು ಅದರ ಮೇಲೇ ಕೂತಿತು. ಗುರುವಾರ ಅವನು ಟ್ರಂಕಿನಿಂದ ಕಪ್ಪು ಕೋಟು, ಹೆಗಲ ಮೇಲೆ ಹೊದೆಯುವ ಚೌಕಳಿ ಶಾಲು ತೆಗೆದ. ಶುಭಕ್ಕೆ ಯಾರು ಕಪ್ಪು ಹಾಕುತ್ತಾರೆ? ಗಾಲ್ಫ್ ಎಂದರೆ ಏನೆಂದು ಕೇಳಿದಳು. ಸಣ್ಣ ಚೆಂಡನ್ನು ಕೋಲಿನಲ್ಲಿ ಹೊಡೆದು ದೂರದ ಗುಂಡಿಗೆ ಬೀಳಿಸುವುದು ಎಂದ.

"ಗುಂಡಿ ತೋಡಿರ್ತಾರಾ?"

"ಹೌದು. ಒಂಬತ್ತು."

"ಒಂಬತ್ತು ಗುಂಡಿ!" ಎಂದು ಅವಳು ಒಳಗೆ ಹೋದಳು.

ಶುಕ್ರವಾರ ರಾತ್ರಿ ಊಟಕ್ಕೆ ಬಡಿಸುತ್ತ ಹೇಳಿದಳು: "ನಾನೂ ಬರ್ತೀನಿ. ಹೂವಮ್ಮ ಹುಡುಗಿ ಹತ್ರ ಇರ್ತಾಳೆ. ಸಾವಾದ್ರೆ ನೀವು ಊದ್ಬಾರ್ದು, ಹಾಗೇ ತಿರುಗಿ ಬರ್ಬೇಕು. ಅಲ್ಲ ಅಂತಾದ್ರೆ ನಾನೇ ಇನ್ನು ತುಟಿ ಬಿಚ್ಚೋದಿಲ್ಲ."

ಗಿರಿಯಪ್ಪ ತುಂಬ ಹೊತ್ತು ಅನ್ನ ಕಲಸಿದ. ಕೊನೆಗೆ "ಆಯ್ತು" ಎಂದ.

ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಜೀಪು ಮೊದಲೇ ಬಂದು ನಿಂತಿತ್ತು. ಗಜಾನನನ ಗಡ್ಡ ಹೋಗಿತ್ತು, ಕಾಲಿಗೆ ಚಪ್ಪಲಿ ಬಂದಿತ್ತು. ತಲೆಯ ಮೇಲೆ ಕ್ಲಬ್ಬಿನ ಬಿಳಿ ಟೋಪಿ ಕಿವಿಯವರೆಗೆ ಇಳಿದಿತ್ತು. ಹಿಂದಿನ ಸೀಟಿನಲ್ಲಿ ಕೂತ ಜಲಜಮ್ಮ ದಾರಿಯುದ್ದಕ್ಕೂ ಆ ಟೋಪಿಯ ಕೆಳಗೆ ಕೂದಲು ಹುಡುಕಿದಳು. ಒಂದು ಎಳೆಯೂ ಸಿಗಲಿಲ್ಲ.

"ಏನಪ್ಪ, ಇವತ್ತು ಅಲ್ಲಿ ಎಂಥದ್ದು ವಿಶೇಷ?" ಎಂದು ಕೇಳಿದಳು.

"ಸೆಕ್ರೆಟರಿಗಳು ಹೇಳ್ತಾರಮ್ಮ."

"ನಿಂಗೆ ಗೊತ್ತಿಲ್ವಾ?"

ಅವನು ಗೇರು ಬದಲಿಸಿದ. ಗಿರಿಯಪ್ಪ ಹಿಂದಕ್ಕೆ ತಿರುಗಿ ಹೆಂಡತಿಯನ್ನು ಕಣ್ಣಲ್ಲೇ ಗದರಿದ.

ಗುಡ್ಡ ಹತ್ತಿದ ಮೇಲೆ ಕಂಡದ್ದು ಜಲಜಮ್ಮ ಹುಟ್ಟಿದಾಗಿನಿಂದ ನೋಡಿರದ ಹುಲ್ಲು. ದನ ಮೇಯ್ದ ಹುಲ್ಲಲ್ಲ, ಕ್ಷೌರ ಮಾಡಿದ ಹುಲ್ಲು. ಗುಡ್ಡದ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು ಕೋಲು ನೆಟ್ಟು ಬಾವುಟ ಕಟ್ಟಿದ್ದರು. ಹೆಂಚಿನ ಸಣ್ಣ ಕಟ್ಟಡದ ಮುಂದೆ ಇಪ್ಪತ್ತು ಜನ ಗಂಡಸರು ಗುಂಪಾಗಿ ನಿಂತಿದ್ದರು. ನಗುವಿಲ್ಲ, ಗಲಾಟೆಯಿಲ್ಲ. ಜೀಪು ಕಂಡದ್ದೇ ಎಲ್ಲರೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ಮುಂದೆ ಬೆತ್ತದ ಕುರ್ಚಿಯೊಂದನ್ನು ಖಾಲಿ ಇಟ್ಟಿದ್ದರು. ಕುರ್ಚಿಯ ಮೇಲೆ ಒಂದು ಹಳೆಯ ಕುಡುಗೋಲು, ಅದಕ್ಕೆ ಸೇವಂತಿಗೆಯ ಹಾರ.

ಜಲಜಮ್ಮ ಚೀಲ ಹೆಗಲಿಗೇರಿಸುತ್ತಿದ್ದ ಗಂಡನ ಕೋಟಿನ ತೋಳು ಹಿಡಿದಳು. "ಊದ್ಬೇಡಿ."

ಬಿಳಿ ಚಡ್ಡಿ ಹಾಕಿದ, ಎಡಗೈಗೆ ಮಾತ್ರ ತೊಗಲಿನ ಕೈಗವಸು ತೊಟ್ಟ, ದೊಡ್ಡ ಹೊಟ್ಟೆಯ ಒಬ್ಬರು ಬೇಗಬೇಗ ಬಂದರು. ಕ್ಲಬ್ಬಿನ ಸೆಕ್ರೆಟರಿ ಮುಕುಂದಯ್ಯ ಅವರು, ಅದೇ ಸೀಮೆಯ ಜಮೀನುದಾರರು. "ಯಾಕೆ ನಿಂತ್ರಿ? ಹೊತ್ತು ಮುಳುಗ್ತಾ ಇದೆ, ಶುರು ಮಾಡಿ ಮಾರಾಯ್ರೆ."

"ಯಾರು ತೀರಿಹೋದ್ರು ಅಯ್ಯಾ?" ಎಂದಳು ಜಲಜಮ್ಮ.

ಮುಕುಂದಯ್ಯ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಇವರು ಯಾರು?"

"ನನ್ನ ಹೆಂಡ್ತಿ ಸಾರ್" ಎಂದ ಗಿರಿಯಪ್ಪ, ನೆಲಕ್ಕೆ ಇಳಿದುಹೋದವನಂತೆ.

"ಕೊನೇ ಗಳಿಗೇಲಿ ರೇಟು ಏರ್ಸಕ್ಕೆ ಕರ್ಕಂಡು ಬಂದ್ಯಾ? ಮಾತಾಡೋದು ಕಾಗದದಲ್ಲೇ ಮಾತಾಡ್ಬೇಕಿತ್ತು."

ಗಿರಿಯಪ್ಪನ ಕಿವಿ ಕೆಂಪಾಯಿತು. ಇನ್ನೊಂದು ಮಾತು ಆಚೀಚೆ ಆದರೆ ಜೀಪು ಅವರಿಬ್ಬರನ್ನೂ ಬಸ್‌ಸ್ಟ್ಯಾಂಡಿಗೆ ಮುಟ್ಟಿಸುತ್ತಿತ್ತು, ಚೀಲ ಶಿವಮೊಗ್ಗಕ್ಕೆ ಹೋಗುತ್ತಿತ್ತು. ಆಗ ಗಜಾನನ ನಡುವೆ ಬಂದ. ಟೋಪಿ ತೆಗೆದ. ತಲೆ ನುಣ್ಣಗೆ ಬೋಳಿಸಿತ್ತು.

"ಅಮ್ಮ ದುಡ್ಡು ಕೇಳ್ತಿಲ್ಲ ಸಾರ್" ಎಂದ. ಆಮೇಲೆ ಜಲಜಮ್ಮನ ಕಡೆ ತಿರುಗಿದ. "ತೀರಿಕೊಂಡದ್ದು ನಮ್ಮಪ್ಪ. ಬೆಳ್ಳಪ್ಪ ಅಂತ. ಮೂವತ್ತು ವರ್ಷ ಇಲ್ಲಿ ಹುಲ್ಲು ಕೊಯ್ದೋರು. ಹೊತ್ತು ಮುಳುಗೋ ಮುಂಚೆ ಆ ದಿಬ್ಬದ ಮೇಲೆ ನಿಂತು ಒಂದು ಕೂಗು ಹಾಕೋರು, ಆಟ ಸಾಕು, ಮನೆಗೆ ಹೋಗಿ ಅಂತ. ಆ ಕೂಗು ಕೇಳಿದ ಮೇಲೆ ಎಂಥ ಸಾಹುಕಾರನೂ ಚೆಂಡು ಹೊಡೀತಿರ್ಲಿಲ್ಲ. ಅವರು ಹೋದ ಮೇಲೆ ಆಟ ನಿಲ್ಸೋರಿಲ್ಲ. ಕತ್ತಲಲ್ಲಿ ಹೊಡ್ದ ಚೆಂಡು ಒಬ್ಬರ ಹಣೆಗೆ ಬಡೀತು. ಅದೇ ವಾರ ಇವರ ಕಾಗದ ಬಂತು."

"ಮಂಗಳವಾರ ಯಾಕಪ್ಪ ಹೇಳ್ಲಿಲ್ಲ ಇದನ್ನ?"

"ಸೂತಕದಲ್ಲಿದ್ದೆ ಅಮ್ಮ. ಬೇರೆ ಡ್ರೈವರಿಲ್ಲ, ನಾನೇ ಬರ್ಬೇಕಾಯ್ತು. ಹೊಸಿಲು ಹತ್ತೋ ಹಾಗಿಲ್ಲ, ನೀರು ಮುಟ್ಟೋ ಹಾಗಿಲ್ಲ. ಜಗಲಿ ಮೇಲೆ ಬಸುರಿ ಮಗು ನಿಂತಿತ್ತು. ಆ ಮಗು ಎದುರು ಸಾವಿನ ಮಾತು ಹೇಗೆ ಎತ್ಲಿ? ಅದಕ್ಕೆ ಮುಖ ಆಚೆ ಮಾಡ್ಕಂಡೆ."

ಜಲಜಮ್ಮ ಹಿಡಿದಿದ್ದ ಕೋಟಿನ ತೋಳನ್ನು ಬಿಟ್ಟಳು. ಅಂಗಳದ ಅಂಚಿನಲ್ಲಿ ಬರಿಗಾಲಲ್ಲಿ ನಿಂತಿದ್ದ ಆ ಮನುಷ್ಯನನ್ನು ಮತ್ತೊಮ್ಮೆ ನೆನೆದಳು. ತಾನು ನೋಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಅವನು ನೀರು ಬೇಡವೆಂದದ್ದು ಅವಳ ಮನೆಯನ್ನು ಕಾಯುವುದಕ್ಕೆ. ಹಾಗಿದ್ದೂ ಅವಳ ಅನುಮಾನ ಒಂದೇ ಸಲಕ್ಕೆ ಇಳಿಯುವ ಜಾತಿಯದಲ್ಲ.

"ತಿಥಿ ಆಯ್ತಾ?"

"ನಿನ್ನೆಗೆ ಹನ್ನೊಂದು ದಿನ ಮುಗೀತು. ಎಲ್ಲ ಶುದ್ಧ ಆಯ್ತು."

"ಹಾಗಾದ್ರೆ ಇದು ಸಾವಿಗೆ ಊದೋದಲ್ಲ" ಎಂದಳು, ಅರ್ಧ ತನಗೆ, ಅರ್ಧ ಗಂಡನಿಗೆ. "ಹೊತ್ತಿನ ಮಂಗಳ ಹೇಳೋದು. ಅದನ್ನ ಹೇಳೋರು ಹೋದ್ರು, ಇನ್ನೊಬ್ಬರು ಹೇಳ್ಬೇಕು."

ಮುಕುಂದಯ್ಯ ಗಡಿಯಾರ ನೋಡಿದರು. "ಮುಗೀತಾ? ಇವತ್ತು ಸರಿಯಾಗಿ ಊದಿದ್ರೆ ಪ್ರತಿ ಶನಿವಾರ, ಭಾನುವಾರ ನಿಮ್ದೇ ಕೆಲಸ. ತಿಂಗಳ ಸಂಬಳ."

"ವೀಳ್ಯ?" ಎಂದಳು ಜಲಜಮ್ಮ.

"ಏನು?"

"ನೀವೂ ಈ ಕಡೆಯೋರೇ ಅಲ್ವಾ ಅಯ್ಯಾ? ನಿಮ್ಮ ಮನೆ ಮದುವೆಗೆ ವಾಲಗದೋರನ್ನ ಡ್ರೈವರ್ ಕೈಲಿ ಹೇಳಿ ಕಳ್ಸಿ ಕರೀತೀರಾ? ಇವರಿಗೆ ವೀಳ್ಯ ಕೊಡ್ಲಿಲ್ಲ. ಕೊಡದೆ ಊದಿದ್ರೆ ಅದು ಕರೆದದ್ದೂ ಅಲ್ಲ, ಬಂದದ್ದೂ ಅಲ್ಲ."

ಹಿಂದೆ ನಿಂತಿದ್ದ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುಕುಂದಯ್ಯ ಬೈಯಲೆಂದು ತೆರೆದ ಬಾಯಿ ಹಾಗೇ ಉಳಿಯಿತು. ಮನೆಯಲ್ಲಿ ಅವರ ತಾಯಿ ಇದೇ ಮಾತು, ಇದೇ ಧಾಟಿಯಲ್ಲಿ ಆಡುತ್ತಿದ್ದಿರಬೇಕು. ಚಡ್ಡಿ ಹಾಕಿದ ದೊಡ್ಡ ಮನುಷ್ಯರು ಇದ್ದಕ್ಕಿದ್ದಂತೆ ಪಂಚೆ ಉಟ್ಟವರ ಹಾಗೆ ಕಂಡರು. "ಗಜಾನನ, ಗೇಟಿನ ಅಂಗಡಿಗೆ ಓಡು. ಎಲೆ ಅಡಿಕೆ ತಾ."

ಎಲೆ ಬಂದಾಗ ಸೂರ್ಯ ಗುಡ್ಡದ ತುದಿಗೆ ತಾಗಿದ್ದ.

"ಇದು ಅಂಗಡೀದೇ ತಾನೇ? ತಿಥಿ ಮನೇಲಿ ಉಳಿದ ಎಲೆ ಅಲ್ವಲ್ಲ?" ಎಂದು ಜಲಜಮ್ಮ ಗಜಾನನನನ್ನು ಮೆಲ್ಲಗೆ ಕೇಳಿದಳು.

"ಅಯ್ಯೋ ಅಮ್ಮ, ಅಂಗಡೀದೇ. ಬೇಕಾದ್ರೆ ಅಂಗಡಿಯೋನ್ನ ಕರೀತೀನಿ."

ಮುಕುಂದಯ್ಯ ಎರಡೂ ಕೈಯಲ್ಲಿ ವೀಳ್ಯ ಹಿಡಿದು ಗಿರಿಯಪ್ಪನ ಮುಂದೆ ನಿಂತರು.

"ಆ ಕೈಗವಸು ತೆಗೀರಿ ಅಯ್ಯಾ."

ತೆಗೆದರು. ಗಿರಿಯಪ್ಪ ಬಗ್ಗಿ ವೀಳ್ಯ ತೆಗೆದುಕೊಂಡು ಕಣ್ಣಿಗೊತ್ತಿ ಹೆಂಡತಿಯ ಕೈಗೆ ಕೊಟ್ಟ. ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡು, "ಇನ್ನು ಊದಿ. ಮೊದಲು ಗಣಪತಿನ ನೆನೀರಿ" ಎಂದಳು.

ಅವನು ಕುಂಟುತ್ತ ಬೆಳ್ಳಪ್ಪ ನಿಲ್ಲುತ್ತಿದ್ದ ದಿಬ್ಬ ಹತ್ತಿದ. ಚೀಲಕ್ಕೆ ಉಸಿರು ತುಂಬಿತು. ಮೊದಲು ಎದ್ದದ್ದು ಹೆಗಲ ಮೇಲಿನ ಮೂರು ಕೊಳವೆಗಳ ಒಂದೇ ಸ್ವರ, ಅಲುಗದೆ, ಏರದೆ, ಇಳಿಯದೆ. ಮನೆಯಂಗಳದಲ್ಲಿ ಕಿವಿ ಹರಿಯುತ್ತಿದ್ದ ಅದೇ ಸದ್ದು ಬಯಲಿಗೆ ಬಂದ ಮೇಲೆ ಬೇರೆಯಾಗಿತ್ತು. ಅಪ್ಪ ಪದ್ಯಕ್ಕೆ ಬಾಯಿ ತೆರೆಯುವ ಮುಂಚೆ ಪಕ್ಕದಲ್ಲಿ ಕೂತವರು ಹಾರ್ಮೋನಿಯಮ್ಮಿನಲ್ಲಿ ಶ್ರುತಿ ಹಿಡಿಯುತ್ತಿದ್ದರು. ಆ ಶ್ರುತಿಯೊಳಗೆ ಮಾತು ಬರುವುದನ್ನು ಕಾಯುತ್ತ ಕಂಬದ ಹಿಂದೆ ಕೂತಿದ್ದ ಹುಡುಗಿ ಜಲಜಮ್ಮನೊಳಗೆ ಕಿವಿ ನಿಮಿರಿಸಿದಳು. ಮಾತು ಬರಲಿಲ್ಲ, ರಾಗ ಬಂತು. ನಿಧಾನದ ರಾಗ. ದೂರದ ಇಳಿಜಾರಿನಲ್ಲಿ ಬಾವುಟ ಕೀಳುತ್ತಿದ್ದವರು ಅಲ್ಲಲ್ಲೇ ನಿಂತರು. ಗಜಾನನ ಖಾಲಿ ಕುರ್ಚಿಯ ಪಕ್ಕ ತಲೆ ತಗ್ಗಿಸಿದ್ದ. ಒಬ್ಬನೂ ಚೆಂಡು ಮುಟ್ಟಲಿಲ್ಲ.

ಮನೆಗೆ ಮರಳಿದ ಮೇಲೆ, ಎಲ್ಲ ಶುದ್ಧವೆಂದು ಗೊತ್ತಿದ್ದೂ, ಜಲಜಮ್ಮ ಗಂಡನನ್ನು ಹಿತ್ತಿಲಿನಲ್ಲೇ ನಿಲ್ಲಿಸಿ ಎರಡು ಹಂಡೆ ನೀರು ಹುಯ್ದಳು. ಚೀಲಕ್ಕೂ ತುಳಸಿಯ ನೀರು ಚಿಮುಕಿಸಿದಳು.

"ತೊಗಲು ನೆನೀತದೆ ಕಣೇ!"

"ಜೋನಿಬೆಲ್ಲ ಹುಯ್ಯಿರಿ. ನಾನೇ ಬಿಸಿ ಮಾಡಿ ಕೊಡ್ತೀನಿ" ಎಂದಳು.

ಮುಂದಿನ ಶುಕ್ರವಾರ ಮತ್ತೆ ಜೀಪು ಬಂತು. ಕತ್ತಲಾದ ಮೇಲೆ ಮರಳಲು ಬಸ್ಸು ಸಿಗುವುದಿಲ್ಲ, ಇನ್ನು ಮೇಲೆ ಮನೆಯಿಂದಲೇ ಕರೆದೊಯ್ಯುತ್ತೇವೆ ಎಂದು ಸೆಕ್ರೆಟರಿ ಹೇಳಿ ಕಳಿಸಿದ್ದರು. ಗಜಾನನ ಚಪ್ಪಲಿಯನ್ನು ಅಂಗಳದಲ್ಲಿ ಬಿಟ್ಟು, ಮೆಟ್ಟಿಲು ಹತ್ತಿ, ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಒಳಗಿನಿಂದ ಇಣುಕಿದ ಶರಾವತಿಗೆ, "ಹುಷಾರಾಗಿದೀಯಾ ತಂಗಿ?" ಎಂದ. ಆಮೇಲೆ ತಾನೇ ಬಾಯಿಬಿಟ್ಟು ಕೇಳಿದ: "ಅಮ್ಮ, ನೀರು ಬೆಲ್ಲ ಕೊಡಿ. ಹೋದ ಸಲದ್ದೂ ಸೇರಿಸಿ."

ಜಲಜಮ್ಮ ತಂದಿಟ್ಟಳು. ಅವನು ಬೆಲ್ಲ ಕಚ್ಚಿ ಚೊಂಬು ಎತ್ತಿದ. ಅವಳು ಬಾಗಿಲ ಚೌಕಟ್ಟಿಗೆ ಕೈ ಊರಿ, ಅವನ ಗಂಟಲು ಏರಿಳಿಯುವುದನ್ನೇ ನೋಡುತ್ತ ನಿಂತಳು. ಚೊಂಬು ಪೂರ್ತಿ ಖಾಲಿಯಾಗಿ ಕೆಳಗೆ ಇಳಿಯುವ ತನಕ ಕಣ್ಣು ತೆಗೆಯಲಿಲ್ಲ.